ಆ ಹಲ್ಲನ್ನು ಕೀಳಿಸಬೇಡ

ಪ್ರೀತಿಯ ಗೆಳೆಯ,

ನಿನ್ನ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಪುಟ್ಟಿಯ ದವಡೆ ಹಲ್ಲನ್ನು ಕೀಳಿಸಬೇಡ. ಅಲ್ಲಿನ ವೈದ್ಯರು ಹೇಳಿದಂತೆ ಬೇರಿಗೆ ಚಿಕಿತ್ಸೆ ಕೊಡಿಸಿ, ಮೇಲೆ ಸ್ಟೀಲಿನ ಕ್ಯಾಪ್ ಹಾಕಿಸು. “ಹೇಗೂ ಬಿದ್ದುಹೋಗುವ ಹಲ್ಲು, ಅದಕ್ಕೇಕೆ ಅಷ್ಟು ದುಡ್ಡು?” ಎಂದು ಮನೆಯಲ್ಲಿ ಹಿರಿಯರು ಅನ್ನುತ್ತಿದ್ದಾರೆಂದು ಫೋನಿನಲ್ಲಿ ಹೇಳಿದೆ. ಮಕ್ಕಳ ಹಲ್ಲು ನೋಡುವ ನನಗೆ ಈ ಮಾತು ಕೇಳಿ ಕೇಳಿ ಬಾಯಿಪಾಠವಾಗಿದೆ. ಹೇಳುವವರಿಗೆ ಮಗುವಿನ ಮೇಲೆ ಅಕ್ಕರೆ ಇಲ್ಲವೆಂದಲ್ಲ. ಬೀಳುವುದು ಯಾವಾಗ ಎಂಬ ಲೆಕ್ಕವನ್ನು ಯಾರೂ ಹಾಕಿರುವುದಿಲ್ಲ, ಅಷ್ಟೇ.

ಮುಂದಿನ ಹಲ್ಲುಗಳು ಆರೇಳನೆಯ ವಯಸ್ಸಿಗೆ ಅಲ್ಲಾಡತೊಡಗುತ್ತವೆ. ಸಗಣಿಯಲ್ಲಿ ಸುತ್ತಿ ಸೂರಿನ ಮೇಲೆ ಎಸೆದದ್ದು ನಮಗೆಲ್ಲ ನೆನಪಿರುವುದು ಅವನ್ನೇ. ಹಾಗಾಗಿ ಇಪ್ಪತ್ತೂ ಹಾಲು ಹಲ್ಲುಗಳು ಆ ಹೊತ್ತಿಗೆ ಹೋಗಿಬಿಡುತ್ತವೆ ಎಂಬ ಭಾವನೆ ಬೇರೂರಿದೆ. ಪುಟ್ಟಿಗೆ ಈಗ ಐದು ವರ್ಷ. ಅವಳಿಗೆ ಹುಳುಕಾಗಿರುವುದು ದವಡೆಯ ಕೊನೆಯ ಹಾಲು ಹಲ್ಲು. ಅದು ಬೀಳುವುದು ಹತ್ತರಿಂದ ಹನ್ನೆರಡನೆಯ ವಯಸ್ಸಿನ ನಡುವೆ. ಇನ್ನೂ ಐದಾರು ವರ್ಷ ಅವಳು ರೊಟ್ಟಿ, ಕಡಲೆಕಾಯಿ, ಸೀಬೆಹಣ್ಣು ಅಗಿಯಬೇಕಾದದ್ದು ಅದರಲ್ಲಿ.

ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಇನ್ನೊಂದು ವರ್ಷದಲ್ಲಿ ಆ ಹಲ್ಲಿನ ಬೆನ್ನಿಗೇ ಅವಳ ಮೊದಲ ಶಾಶ್ವತ ದವಡೆ ಹಲ್ಲು ಹುಟ್ಟುತ್ತದೆ. ಅದಕ್ಕೆ ಜಾಗ ಬಿಡಲು ಯಾವ ಹಲ್ಲೂ ಬೀಳುವುದಿಲ್ಲ, ಆದ್ದರಿಂದ ಅದು ಬಂದದ್ದೇ ಮನೆಯವರಿಗೆ ತಿಳಿಯುವುದಿಲ್ಲ. ಎಷ್ಟೋ ತಂದೆತಾಯಂದಿರು ಅದನ್ನೂ ಹಾಲು ಹಲ್ಲೆಂದೇ ಭಾವಿಸಿ ಹುಳುಕಾಗಲು ಬಿಟ್ಟಿರುತ್ತಾರೆ. ಜೀವನವಿಡೀ ಬಾಳಬೇಕಾದ ಹಲ್ಲು ಎಂಟನೆಯ ವಯಸ್ಸಿಗೇ ಕೆಟ್ಟಿರುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಈ ಹೊಸ ಹಲ್ಲು ತನ್ನ ಜಾಗದಲ್ಲಿ ನೆಟ್ಟಗೆ ನಿಲ್ಲಬೇಕಾದರೆ ಅದರ ಮುಂದೆ ಹಾಲು ಹಲ್ಲು ಗಟ್ಟಿಯಾಗಿ ಇರಬೇಕು. ಈಗಲೇ ಕಿತ್ತರೆ ಅದು ಖಾಲಿ ಜಾಗಕ್ಕೆ ವಾಲುತ್ತ ಮುಂದೆ ಸರಿಯುತ್ತದೆ. ಮುಂದೆ ಹನ್ನೊಂದರ ಸುಮಾರಿಗೆ ಅಲ್ಲಿ ಹುಟ್ಟಬೇಕಾದ ಹಲ್ಲು ಒಸಡಿನೊಳಗೇ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಪಕ್ಕಕ್ಕೆ ಓರೆಯಾಗಿ ಬರುತ್ತದೆ. ಆಮೇಲೆ ತಂತಿ ಹಾಕಿಸಲು ವರ್ಷಗಟ್ಟಲೆ ಓಡಾಟ, ಈಗ ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಖರ್ಚು. ಎಕ್ಸ್-ರೇ ನೋಡಿ, ಕೀವು ಎಲುಬಿಗೆ ಇಳಿದಿದೆ, ಕೀಳಲೇಬೇಕು ಎಂದು ವೈದ್ಯರು ಹೇಳಿದರೆ ಮಾತು ಬೇರೆ. ಆಗ ಆ ಜಾಗ ಕಾಯುವ ಸ್ಪೇಸ್ ಮೇಂಟೇನರ್ ಎಂಬ ಪುಟ್ಟ ಸಾಧನದ ಬಗ್ಗೆ ನೀನೇ ಕೇಳು.

ನೋವು ನಿಂತಿದೆಯಲ್ಲ, ಸ್ವಲ್ಪ ದಿನ ನೋಡೋಣ ಎಂದುಕೊಳ್ಳಲೂ ಬೇಡ. ನರ ಸತ್ತಾಗಲೂ ನೋವು ನಿಲ್ಲುತ್ತದೆ. ಹಾಲು ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಹೊದಿಕೆ, ಶಾಶ್ವತ ಹಲ್ಲಿನದರ ಸುಮಾರು ಅರ್ಧದಷ್ಟೇ ದಪ್ಪ, ಒಳಗಿನ ತಿರುಳೋ ದೊಡ್ಡದು. ಹುಳುಕು ನರ ಮುಟ್ಟಲು ತಿಂಗಳುಗಳು ಸಾಕು. ಆ ಹಲ್ಲಿನ ಬೇರುಗಳ ಕವಲಿನ ನಡುವೆಯೇ ಮುಂದಿನ ಶಾಶ್ವತ ಹಲ್ಲು ರೂಪುಗೊಳ್ಳುತ್ತಿರುತ್ತದೆ. ಕೀವು ಅಲ್ಲಿಗೆ ಇಳಿದರೆ, ಹುಟ್ಟುವ ಮೊದಲೇ ಅದರ ಎನಾಮಲ್ ಕೆಡುತ್ತದೆ. ಕಂದು ಕಲೆ, ಗುಳಿಗಳೊಂದಿಗೆ ಹುಟ್ಟುವ ಅಂಥ ಹಲ್ಲಿಗೆ ನಾವು ಟರ್ನರ್ ಹಲ್ಲು ಎನ್ನುತ್ತೇವೆ. ಬೇರಿಗೆ ಚಿಕಿತ್ಸೆ ಮಾಡಿಸಿದರೆ ಹೊಸ ಹಲ್ಲಿಗೆ ಅಡ್ಡಿಯಾಗುತ್ತದೆಂದು ನಿನ್ನ ಅತ್ತೆಯವರಿಗೆ ಭಯವಿದೆಯಲ್ಲ, ಅವರಿಗೆ ಹೀಗೆ ಹೇಳು: ಹಾಲು ಹಲ್ಲಿಗೆ ತುಂಬುವುದು ಬೇರಿನ ಜೊತೆಗೇ ಕರಗುವ ಔಷಧಿ. ಕಾಲ ಬಂದಾಗ ಆ ಹಲ್ಲು ಕ್ಯಾಪಿನ ಸಮೇತ ತಾನಾಗಿ ಬೀಳುತ್ತದೆ.

ಇದು ನೀರಿನ ದೋಷ ಎಂದು ಅಮ್ಮ ಹೇಳಿದ್ದು ನನಗೆ ಅರ್ಥವಾಗುತ್ತದೆ. ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಳದಿ, ಕಂದು ಪಟ್ಟೆಯ ಹಲ್ಲುಗಳನ್ನು ಅವರು ಊರ ತುಂಬ ನೋಡಿದ್ದಾರೆ. ಆದರೆ ಆ ಪಟ್ಟೆಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಶಾಶ್ವತ ಹಲ್ಲುಗಳಲ್ಲಿ. ಪುಟ್ಟಿಯ ಹಲ್ಲಿನಲ್ಲಿರುವುದು ಕುಳಿ, ಸಿಹಿ ಮತ್ತು ಬ್ಯಾಕ್ಟೀರಿಯಾ ಸೇರಿ ಮಾಡಿದ್ದು. ಹಾಗೆಂದು ನೀರನ್ನು ಹಗುರವಾಗಿ ಕಾಣಬೇಡ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೂ 1.5 ದಾಟಬಾರದು ಎಂಬುದು ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ. ಇಬ್ಬರು ಮಕ್ಕಳ ಶಾಶ್ವತ ಹಲ್ಲುಗಳೂ ಈಗ ಒಸಡಿನೊಳಗೆ ರೂಪುಗೊಳ್ಳುತ್ತಿವೆ. ಈಗ ಕುಡಿಸುವ ನೀರಿನ ಗುರುತು ಮುಂದೆ ಆ ಹಲ್ಲುಗಳು ಹುಟ್ಟಿದಾಗ ಅವುಗಳ ಮೇಲೆ ಕಾಣುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುಡಿಯಲು ಮಾತ್ರವಲ್ಲ, ಅಡುಗೆಗೂ ಶುದ್ಧ ನೀರಿನ ಘಟಕದಿಂದಲೇ ತಂದುಕೊಳ್ಳಿ.

ಪುಟ್ಟಿಗಿಂತ ನನಗೆ ಹೆಚ್ಚು ಚಿಂತೆ ಚಿಕ್ಕವನದು. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುತ್ತಾನೆ ಎಂದೆ. ನಿದ್ದೆಯಲ್ಲಿ ಎಂಜಲು ಊರುವುದು ಕಡಿಮೆಯಾಗುತ್ತದೆ, ನುಂಗುವುದೂ ಕಡಿಮೆ. ಸಕ್ಕರೆ ಹಾಕಿದ ಹಾಲು ಮೇಲಿನ ಮುಂಬದಿಯ ಹಲ್ಲುಗಳ ಸುತ್ತ ರಾತ್ರಿಯಿಡೀ ನಿಂತಿರುತ್ತದೆ. ಕೆಳಗಿನವುಗಳನ್ನು ನಾಲಿಗೆ ಮುಚ್ಚಿಕೊಂಡಿರುವುದರಿಂದ ಅವು ಉಳಿಯುತ್ತವೆ. ಈ ಹುಳುಕು ಮೊದಲಿಗೆ ಕಪ್ಪಾಗಿರುವುದಿಲ್ಲ; ಒಸಡಿನ ಅಂಚಿಗೆ ಸುಣ್ಣ ಬಳಿದ ಹಾಗೆ ಬಿಳಿ ಗೆರೆಯಾಗಿ ಬರುತ್ತದೆ. ಆ ಹಂತದಲ್ಲಿ ಸಿಕ್ಕರೆ ಕೊರೆಯದೆ, ಚುಚ್ಚದೆ ತಡೆಯಬಹುದು. ಒಂದು ವರ್ಷ ತುಂಬುವುದರೊಳಗೆ ಮಗುವನ್ನು ಹಲ್ಲಿನ ವೈದ್ಯರಿಗೆ ತೋರಿಸಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ. ಹಾಲನ್ನು ಲೋಟದಲ್ಲಿ, ಮಲಗುವ ಮುನ್ನವೇ ಕುಡಿಸಿ ಹಲ್ಲುಜ್ಜಿಬಿಡಿ. ಆಮೇಲೂ ಬಾಟಲಿಗೆ ಹಟ ಹಿಡಿದರೆ ಅದರಲ್ಲಿ ಬರೀ ನೀರಿರಲಿ. ಕೆಲವು ರಾತ್ರಿ ಅಳುತ್ತಾನೆ. ನಿನ್ನ ಹೆಂಡತಿಯೊಬ್ಬಳೇ ಎದ್ದು ಕೂರುವಂತೆ ಮಾಡಬೇಡ, ನೀನೂ ಏಳು. ತುತ್ತು ಬಿಸಿಯಿದೆಯೇ ಎಂದು ನಾಲಿಗೆಗೆ ತಾಗಿಸಿ ನೋಡಿದ ಚಮಚವನ್ನೇ ಅವನ ಬಾಯಿಗಿಡುವುದೂ ಬೇಡ; ದೊಡ್ಡವರ ಬಾಯಿಯ ಬ್ಯಾಕ್ಟೀರಿಯಾ ಎಂಜಲಿನ ಮೂಲಕವೇ ದಾಟುತ್ತದೆ.

ಪೇಸ್ಟು ಚಿಕ್ಕವನಿಗೆ ಅಕ್ಕಿಕಾಳಿನಷ್ಟು, ಪುಟ್ಟಿಗೆ ಬಟಾಣಿಯಷ್ಟು. ಡಬ್ಬಿಯ ಮೇಲೆ 1000 ಪಿಪಿಎಂ ಫ್ಲೋರೈಡ್ ಎಂದಿದೆಯೇ ನೋಡಿ ಕೊಳ್ಳು. ಕುಡಿಯುವ ನೀರು ಇನ್ನೂ ಬೋರ್‌ವೆಲ್ಲಿನದೇ ಆಗಿದ್ದರೆ ಅದನ್ನು ವೈದ್ಯರಿಗೆ ಹೇಳಿ, ಅವರನ್ನು ಕೇಳಿಯೇ ಪೇಸ್ಟು ಆರಿಸು. ಏಳೆಂಟು ವರ್ಷದವರೆಗೆ ಮಕ್ಕಳ ಕೈಗೆ ಹಿಂದಿನ ಹಲ್ಲು ಎಟಕುವುದಿಲ್ಲ, ನೀವೇ ಉಜ್ಜಬೇಕು. ಪುಟ್ಟಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರೆ ಬಾಯಿ ಪೂರ್ತಿ ಕಾಣುತ್ತದೆ. ರಾತ್ರಿಯದನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡ.

ಆಸ್ಪತ್ರೆಗೆ ಕರೆದೊಯ್ಯುವಾಗ “ಸೂಜಿ ಚುಚ್ಚುವುದೇ ಇಲ್ಲ” ಎಂದು ಸುಳ್ಳು ಹೇಳಬೇಡ. ಡಾಕ್ಟರು ಹಲ್ಲಿಗೆ ನಿದ್ದೆ ಬರಿಸುತ್ತಾರೆ, ನಾನು ಪಕ್ಕದಲ್ಲೇ ಇರುತ್ತೇನೆ ಎನ್ನು, ಸಾಕು. ಬೆಳಗಿನ ಹೊತ್ತೇ ಸಮಯ ಕೇಳು, ಮಗು ದಣಿದಿರುವುದಿಲ್ಲ. ಎಕ್ಸ್-ರೇಯ ಫೋಟೊ ತೆಗೆದು ಇವತ್ತೇ ಕಳುಹಿಸು. ಚಿಕ್ಕವನ ಮೇಲ್ದುಟಿ ಎತ್ತಿ, ಬೆಳಕಿನಲ್ಲಿ ಆ ನಾಲ್ಕು ಹಲ್ಲುಗಳದ್ದೂ ಒಂದು ಫೋಟೊ ತೆಗೆ. ಬಿಳಿ ಗೆರೆ ಕಂಡರೆ ಅವನನ್ನೂ ಅದೇ ದಿನ ಕರೆದುಕೊಂಡು ಹೋಗು.

ನಿನ್ನ ಗೆಳೆಯ