ಕೊರತೆ ತಗ್ಗಿತೆಂದು ಹಿಗ್ಗುವ ಮುನ್ನ

ಚಾಲ್ತಿ ಖಾತೆ ಕೊರತೆ (ಆಮದು ಮುಂತಾದವಕ್ಕೆ ದೇಶ ಹೊರಗೆ ಕೊಡುವ ಹಣ, ರಫ್ತು ಮುಂತಾದವುಗಳಿಂದ ಬರುವ ಹಣಕ್ಕಿಂತ ಎಷ್ಟು ಹೆಚ್ಚೋ ಅಷ್ಟು) ತಗ್ಗಿತು ಎಂಬ ಸುದ್ದಿ ಬಂದಾಗಲೆಲ್ಲ ಅದನ್ನು ಸಾಧನೆಯೆಂದೇ ಬಿಂಬಿಸುವುದು ರೂಢಿಯಾಗಿದೆ. 2020–21ರಲ್ಲಿ ಕೊರತೆ ಹೋಗಿ ಜಿಡಿಪಿಯ ಶೇ 0.9ರಷ್ಟು ಹೆಚ್ಚುವರಿಯೇ ಬಂದಿತ್ತು. ದೇಶದ ಆರ್ಥಿಕತೆ ಕುಸಿದದ್ದೂ ಅದೇ ವರ್ಷ! ಕೊಳ್ಳುವವರಿಲ್ಲದೆ ಆಮದು ಬಿದ್ದುಹೋದದ್ದರಿಂದ ಲೆಕ್ಕ ಚೆಂದ ಕಂಡಿತು, ಅಷ್ಟೆ. 2008ರ ಹಿಂಜರಿತದಲ್ಲಿ ಅಮೆರಿಕದ ಕೊರತೆ ಇಳಿದದ್ದೂ ಹೀಗೆಯೇ. ಲಾಕ್‌ಡೌನ್ ದಿನಗಳಲ್ಲಿ ರೇಷ್ಮೆಗೂಡಿನಿಂದ ತೆಗೆದ ನೂಲು ಕೇಳುವವರಿಲ್ಲದೆ ಕೂತಿದ್ದ ನಮ್ಮ ಶಿಡ್ಲಘಟ್ಟದ ರೀಲರ್‌ಗಳಿಗೆ ಆ ‘ಹೆಚ್ಚುವರಿ’ಯಿಂದ ಏನು ಬಂತು?

ಹಾಗೆಂದು ಕೊರತೆಯನ್ನು ಕಡೆಗಣಿಸುವಂತೆಯೂ ಇಲ್ಲ. 2012–13ರಲ್ಲಿ ಅದು ಜಿಡಿಪಿಯ ಶೇ 4.8ಕ್ಕೆ ಏರಿತ್ತು. ಆ ಕೊರತೆ ತುಂಬುತ್ತಿದ್ದ ವಿದೇಶಿ ಹಣ ಹೊರಹೋಗತೊಡಗಿದ್ದೇ ತಡ, 2013ರ ಆಗಸ್ಟ್‌ನಲ್ಲಿ ಡಾಲರ್ ಬೆಲೆ 68 ರೂಪಾಯಿ ದಾಟಿತು. ಯಂತ್ರ ತರಿಸಿ ಆದ ಕೊರತೆ ಮುಂದೆ ದುಡಿಮೆ ತರಬಹುದು. ಚಿನ್ನ ತರಿಸಿ ಆದದ್ದು ಲಾಕರ್ ಸೇರುತ್ತದೆ. (ಕೆಜಿಎಫ್ ಗಣಿ 2001ರಲ್ಲೇ ಮುಚ್ಚಿದೆ, ಚಿನ್ನದ ಮೋಹ ಮುಚ್ಚಿಲ್ಲ.)

ಆದ್ದರಿಂದ ಕೊರತೆಯ ಅಂಕಿ ಪ್ರಕಟಿಸುವಾಗ ಯಾವ ಆಮದು ಏರಿತು, ಯಾವುದು ಇಳಿಯಿತು, ಅದೇ ಅವಧಿಯಲ್ಲಿ ಉದ್ಯೋಗದ ಸ್ಥಿತಿ ಹೇಗಿತ್ತು ಎಂಬುದನ್ನೂ ಪತ್ರಿಕೆ ಪಕ್ಕದಲ್ಲೇ ಕೊಡಲಿ.

– ಓದುಗ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ