ಸುಮುಖನ ಕಾಲಿನ ಕೆಂಪು ಬಳೆ

ನ್ಯೂಜೆರ್ಸಿ
ಜುಲೈ 6

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಾವೆಲ್ಲ ಕ್ಷೇಮ. ಅಮ್ಮನಿಗೂ ಭಾವನವರಿಗೂ ನಮಸ್ಕಾರ ತಿಳಿಸು. ಅಮ್ಮನ ಮಂಡಿನೋವು ಹೇಗಿದೆ, ನೆಟ್ಟಿ ಶುರುವಾಯಿತಾ ಅಂತೆಲ್ಲ ಕೇಳುವುದಿತ್ತು. ನಿನ್ನ ಮಗ ಸುಮುಖನ ಕಾಲಿನ ಮೇಲಿನ ಗುರುತು ಇಲ್ಲಿನ ಕಾಡಿನ ದೆವ್ವದ್ದೆಂದು ಹೆದರಿ, ಅವನನ್ನು ಬೇಗ ಊರಿಗೆ ಕಳಿಸು ಎಂದು ನೀನು ಬರೆದ ಕಾಗದ ಓದಿದ ಮೇಲೆ ಅವೆಲ್ಲ ಹಿಂದೆ ಸರಿದವು. ಫೋನಿನಲ್ಲಿ ಹೇಳಿದರೆ ಅರ್ಧ ಕೇಳುವಷ್ಟರಲ್ಲಿ ಅಳಲು ಶುರುಮಾಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಭಾವನವರಿಗೂ ಓದಿ ಹೇಳು.

ಸುಮುಖ ಚೆನ್ನಾಗಿದ್ದಾನೆ. ಜ್ವರ ಇಲ್ಲ, ಊಟ ನಿದ್ದೆ ಸರಿಯಾಗಿದೆ. ಅವನ ಮೀನಖಂಡದ ಮೇಲೆ ಎದ್ದಿರುವ ಕೆಂಪು ಬಳೆ ದೆವ್ವದ ಗೊರಸಿನ ಗುರುತೂ ಅಲ್ಲ, ಯಾರ ದೃಷ್ಟಿಯೂ ಅಲ್ಲ. ಉಣುಗು, ಅದೇ ರಕ್ತ ಹೀರುವ ಉಣ್ಣೆ, ಕಚ್ಚಿದ್ದು. ನಮ್ಮ ಕಡೆ ಉಣುಗಿನಿಂದ ಬರುವ ಮಂಗನ ಕಾಯಿಲೆಯೂ ಅಲ್ಲ. ಉಣುಗು ಅಂದ ತಕ್ಷಣ ನಿನ್ನ ಎದೆ ಹೊಡೆದುಕೊಳ್ಳುತ್ತದೆ ಎಂದು ಗೊತ್ತು, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಮಂಗನ ಕಾಯಿಲೆ ವೈರಸ್ಸಿನದು, ಅದಕ್ಕೆ ನೇರ ಔಷಧಿ ಇಲ್ಲ. ಇದು ಲೈಮ್ ಎಂಬ ಕಾಯಿಲೆ, ಬ್ಯಾಕ್ಟೀರಿಯಾದ್ದು. ಬೇಗ ಹಿಡಿದರೆ ಮಾತ್ರೆಯಲ್ಲೇ ವಾಸಿಯಾಗುತ್ತದೆ. ಬೇಗವೇ ಹಿಡಿದಿದ್ದೇವೆ.

ಇನ್ನು ಆ ದೆವ್ವದ ವಿಷಯ. ನಾವಿರುವುದು ಪೈನ್ ಬ್ಯಾರನ್ಸ್ ಕಾಡಿನ ಅಂಚಿನ ಕೆರೆ ಪಕ್ಕದ ಬೇಸಿಗೆ ಮನೆಗಳಲ್ಲಿ. ಜೂನ್ ಬಂತೆಂದರೆ ಮನೆಗಳೆಲ್ಲ ತುಂಬಿ, ಹದಿನಾಲ್ಕು ಹದಿನೈದರಿಂದ ಹದಿನೇಳರವರೆಗಿನ ಮಕ್ಕಳದೇ ಒಂದು ದಂಡು ಆಗುತ್ತದೆ. ಅಮೆರಿಕದಲ್ಲೇ ಅತಿ ಹೆಚ್ಚು ಜನಸಾಂದ್ರತೆಯ ರಾಜ್ಯ ಇದು. ಅದರ ನಡುವೆಯೇ ಸುಮಾರು 11 ಲಕ್ಷ ಎಕರೆ ಪ್ರದೇಶವನ್ನು 1978ರಲ್ಲಿ ಕಾಯ್ದಿಟ್ಟರು. ನೆಲವೆಲ್ಲ ಬಿಳಿ ಮರಳು, ಕುಳ್ಳ ಪೈನ್ ಮರಗಳು, ಮರದ ತೊಗಟೆಯ ಒಗರು ಮತ್ತು ಕಬ್ಬಿಣದ ಅಂಶ ಬಿಟ್ಟುಕೊಂಡು ಕೆಂಚಾದ ನೀರು. ಈ ಕಾಡಿನ ದೆವ್ವವೇ ಜೆರ್ಸಿ ಡೆವಿಲ್. 1735ರಲ್ಲಿ ಲೀಡ್ಸ್ ಎಂಬ ಮನೆತನದ ಹೆಂಗಸೊಬ್ಬಳು ಹದಿಮೂರನೆಯ ಬಸಿರಿನಲ್ಲಿ ಬೇಸತ್ತು, ಹುಟ್ಟುವುದು ಸೈತಾನನೇ ಆಗಲಿ ಎಂದು ಶಪಿಸಿದಳಂತೆ. ಹುಟ್ಟಿದ ಕೂಸು ರೆಕ್ಕೆ, ಗೊರಸು, ಕುದುರೆ ಮುಖ ತಳೆದು ಹೊಗೆಗೂಡಿನಿಂದ ಹಾರಿಹೋಯಿತಂತೆ.

ಕಥೆಯ ಬುಡ ಇನ್ನೂ ಹಿಂದಿದೆ. ಡೇನಿಯಲ್ ಲೀಡ್ಸ್ ಎಂಬಾತ 1687ರಲ್ಲಿ ಪಂಚಾಂಗ ಅಚ್ಚು ಹಾಕಿಸಿದ. ಅದರಲ್ಲಿ ಜ್ಯೋತಿಷ್ಯ ಇದೆಯೆಂದು ಅವನ ಕ್ವೇಕರ್ ಎಂಬ ಕ್ರೈಸ್ತ ಪಂಥದವರೇ ತಿರುಗಿಬಿದ್ದರು. ಅವನ ಮಗ ಟೈಟನ್‌ನ ಪಂಚಾಂಗಕ್ಕೆ ಬೆಂಜಮಿನ್ ಫ್ರಾಂಕ್ಲಿನ್ ಪೈಪೋಟಿಗೆ ನಿಂತು, ಟೈಟನ್ 1733ರಲ್ಲಿ ಸಾಯುತ್ತಾನೆ ಎಂದು ತನ್ನ ಪಂಚಾಂಗದಲ್ಲಿ ಭವಿಷ್ಯ ನುಡಿದ. ಅವನು ಸಾಯದಿದ್ದಾಗ ಅವನ ಪ್ರೇತವೇ ಬರೆಯುತ್ತಿದೆ ಎಂದು ಆಡಿಕೊಂಡ. ಹೀಗೆ ಒಂದು ಮನೆತನದ ಹೆಸರಿಗೆ ಸೈತಾನ ಅಂಟಿಕೊಂಡಿತು ಎನ್ನುತ್ತಾರೆ. 1909ರ ಜನವರಿಯಲ್ಲಿ ಒಂದು ವಾರವಿಡೀ ಹಿಮದ ಮೇಲೆ ಗೊರಸಿನ ಗುರುತು ಕಂಡು ಊರೂರು ಹೆದರಿ, ಕೆಲವು ಶಾಲೆ ಕಾರ್ಖಾನೆ ಮುಚ್ಚಿದವು. ಫಿಲಡೆಲ್ಫಿಯಾದಲ್ಲಿ ಕಾಂಗರೂಗೆ ಬಣ್ಣ ಬಳಿದು ರೆಕ್ಕೆ ಕಟ್ಟಿ, ದೆವ್ವ ಹಿಡಿದಿದ್ದೇವೆಂದು ದುಡ್ಡಿಗೆ ತೋರಿಸಿದರು. ಈಗ ಈ ರಾಜ್ಯದ ಐಸ್ ಹಾಕಿ ತಂಡಕ್ಕೇ ಆ ದೆವ್ವದ ಹೆಸರು. 1982ರಲ್ಲಿ ಜನರ ಮತ ಕೇಳಿ ಇಟ್ಟದ್ದು. ಅಷ್ಟು ಪ್ರೀತಿ ಇವರಿಗೆ ಅದರ ಮೇಲೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ನೀನೇ ನೋಡಿದ್ದೀ. ಅಂಥ ಭಯ ಎಲ್ಲ ದೇಶದಲ್ಲೂ ಇದೆ ಅಕ್ಕಾ.

ಈ ಬೇಸಿಗೆ ಕೆರೆಯ ಆಚೆ ದಡದಿಂದ ರಾತ್ರಿ ಎಳೆ ಕೂಸು ಚೀರಿದ ಹಾಗೆ ಶಬ್ದ ಬರತೊಡಗಿತು. ಮರಳು ದಾರಿಯಲ್ಲಿ ಎರಡೇ ಕಾಲಿನ ಗೊರಸಿನ ಸಾಲು ಕಂಡಿತು. ಚಿಕ್ಕ ಮಕ್ಕಳು ಹೊರಗೆ ಮಲಗಲು ಹೆದರಿದರು. ಆಗ ದೊಡ್ಡ ಮಕ್ಕಳೆಲ್ಲ ಸೇರಿ ಪತ್ತೆ ಮಾಡಲು ಕೂತರು. ಸುಮುಖ ಮತ್ತು ನಮ್ಮ ಅನಘಾ ಅದರಲ್ಲಿ ಮುಂದು. ನೀನು ಹೆದರಿದ ಹಾಗೆ ಸ್ಮಶಾನ ಸುತ್ತಿಲ್ಲ, ಮಂತ್ರ ತಂತ್ರ ಮಾಡಿಲ್ಲ. ಅವರು ಮಾಡಿದ ಕೆಲಸ ನೋಡಿದರೆ ನೀನು ಹೆಮ್ಮೆಪಡುತ್ತೀ.

ಒಂದು ಪುಸ್ತಕಕ್ಕೆ ಗೆರೆ ಎಳೆದು ತಾರೀಕು, ಗಂಟೆ, ಗಾಳಿಯ ದಿಕ್ಕು, ಯಾರು ಎಲ್ಲಿ ಕೂತಿದ್ದರು, ಏನು ಕೇಳಿತು, ಏನು ಕಂಡಿತು ಎಂದು ಅಂಕಣ ಮಾಡಿದರು. ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳುವ ಮೊದಲೇ ಬರೆಯಬೇಕು ಎಂಬುದು ನಿಯಮ. ಒಬ್ಬ ‘ಕಿರುಚಿತು’ ಅಂದರೆ ಉಳಿದವರಿಗೂ ಕಿರುಚಿದ ಹಾಗೆಯೇ ಕೇಳಿಬಿಡುತ್ತದೆ, ಅದಕ್ಕೆ. ಹೆಜ್ಜೆಯ ಅಚ್ಚು ತೆಗೆಯಲು ಎರಡು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಒಂದು ಪಾಲು ನೀರು. ಹೆಜ್ಜೆಯ ಸುತ್ತ ರಟ್ಟಿನ ಪಟ್ಟಿ ನಿಲ್ಲಿಸಿ, ಒಣ ಮರಳು ಕುಸಿಯದಂತೆ ಮೊದಲು ಹೇರ್ ಸ್ಪ್ರೇ ಹೊಡೆದು, ಪ್ಲಾಸ್ಟರನ್ನು ಹೆಜ್ಜೆಯ ಮೇಲೆ ನೇರ ಸುರಿಯದೆ ಪಕ್ಕದಿಂದ ಹರಿಯಬಿಡಬೇಕು. ಮೇಲಿನಿಂದ ಸುರಿದರೆ ಮರಳು ಕದಡಿ, ಬರೀ ಗುಂಡಿಯ ಅಚ್ಚು ಸಿಗುತ್ತದೆ. ಅರ್ಧ ಗಂಟೆ ಮುಟ್ಟಬಾರದು. ಗಟ್ಟಿಯಾದ ಅಚ್ಚಿನಲ್ಲಿ ಒಂದು ಗೊರಸಿನೊಳಗೆ ಇನ್ನೊಂದು ಗೊರಸಿನ ಅಂಚು ಎದ್ದು ಕಂಡಿತು. ಜಿಂಕೆ ನಿಧಾನ ನಡೆಯುವಾಗ ಹಿಂಗಾಲನ್ನು ಮುಂಗಾಲಿಟ್ಟ ಜಾಗದಲ್ಲೇ ಇಡುತ್ತದೆ. ನಾಲ್ಕು ಕಾಲಿನ ಪ್ರಾಣಿ, ಎರಡು ಕಾಲಿನ ಗುರುತು. ಇದನ್ನು ಕಂಡುಹಿಡಿದದ್ದು ನಿನ್ನ ಮಗ.

ಶಬ್ದಕ್ಕೆ ಹೆಚ್ಚು ಕಷ್ಟಪಟ್ಟರು. ಒಂದು ಗುಂಪು ಕೆರೆಯ ಕಟ್ಟೆಯ ಮೇಲೆ, ಇನ್ನೊಂದು ನಮ್ಮ ಜಗಲಿಯಲ್ಲಿ. ಚೀರಿದ ಕೂಡಲೇ ಎರಡೂ ಕಡೆ ದಿಕ್ಸೂಚಿ ಹಿಡಿದು ಕೋನ ಬರೆದು, ನಕ್ಷೆಯ ಮೇಲೆ ಗೆರೆ ಎಳೆದರೆ ಎರಡೂ ಕೂಡುವ ಜಾಗವೇ ಶಬ್ದದ ಮೂಲ. ಮೊದಲ ಸಲ ಗೆರೆಗಳು ತಪ್ಪಾದ ಕಡೆ ಕೂಡಿದವು. ಈ ಭಾಗದಲ್ಲಿ ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರಕ್ಕಿಂತ ಸುಮಾರು 12 ಡಿಗ್ರಿ ಪಶ್ಚಿಮಕ್ಕೆ ವಾಲುತ್ತದೆ, ಅಷ್ಟನ್ನು ಕಳೆಯಬೇಕು. ಕಳೆದರೂ 5 ಡಿಗ್ರಿ ತಪ್ಪಿದರೆ 400 ಮೀಟರ್ ದೂರದಲ್ಲಿ 35 ಮೀಟರ್ ಆಚೀಚೆ ಆಗುತ್ತದೆ. ಅದಕ್ಕೇ ಒಂದೇ ಗೆರೆಯನ್ನು ನಂಬದೆ ಹಲವು ರಾತ್ರಿ ಎಳೆದರು. ಗೆರೆಗಳೆಲ್ಲ ಕೆರೆಯ ಹಿಂಬದಿಯ ಮರಳು ಹೊಂಡದ ಸುತ್ತ ಕೂಡಿದವು. ಹಗಲು ಹೋಗಿ ನೋಡಿದರೆ ಗೋಂಕರು ಕಪ್ಪೆಗಳು! ಫೌಲರ್ಸ್ ಟೋಡ್ ಅನ್ನುತ್ತಾರೆ. ಗಂಡು ಕಪ್ಪೆ ಗಂಟಲು ಉಬ್ಬಿಸಿ ಒಂದರಿಂದ ನಾಲ್ಕು ಸೆಕೆಂಡು ಮೂಗಿನಲ್ಲಿ ಚೀರುತ್ತದೆ, ಥೇಟ್ ಕೂಸಿನ ದನಿ. ರಾತ್ರಿ ನೀರಿನ ಮೇಲಿನ ಗಾಳಿ ತಂಪಾಗಿ ಮೇಲಿನದು ಬೆಚ್ಚಗಿದ್ದಾಗ ಶಬ್ದ ಕೆಳಕ್ಕೆ ಬಾಗುತ್ತದೆ, ಹಾಗಾಗಿ ದೂರದ್ದು ಕಿವಿಯ ಪಕ್ಕದಲ್ಲೇ ಬಂದ ಹಾಗೆ. ನರಿ ಇರಬಹುದೇ ಎಂದು ಮೊದಲು ಯೋಚಿಸಿದ್ದರು. ಕೆಂಪು ನರಿ ಹಾಗೆ ಚೀರುವುದು ಹೆಚ್ಚಾಗಿ ಬೆದೆಯ ಕಾಲದಲ್ಲಿ, ಜನವರಿ ಫೆಬ್ರವರಿಯ ಚಳಿಗೆ.

ಇಷ್ಟರ ನಡುವೆ ಸುಮುಖನ ಕಾಲಿನ ಮೇಲೆ ಆ ಬಳೆ ಎದ್ದಿತು. ದೆವ್ವ ಮುಟ್ಟಿದ ಗುರುತು ಎಂದು ಚಿಕ್ಕ ಮಕ್ಕಳು ಹಬ್ಬಿಸಿದ್ದು, ಅವನು ಅದರ ಫೋಟೋ ನಮ್ಮ ಅಮ್ಮನಿಗೆ ಕಳಿಸಿದ್ದು, ಎರಡೂ ಒಟ್ಟಿಗೆ ಆಯಿತು. ಅನಘಾ ಅದೇ ಪುಸ್ತಕ ತೆಗೆದು ನೋಡಿದಳು. ಒಂಬತ್ತು ದಿನ ಹಿಂದೆ ಸುಮುಖ ಬ್ಲೂಬೆರಿ ಪೊದೆಯ ಬುಡದಲ್ಲಿ, ತರಗೆಲೆಯ ಮೇಲೆ, ಚಡ್ಡಿ ಹಾಕಿಕೊಂಡು ಕೂತಿದ್ದ ಎಂದು ಬರೆದಿತ್ತು. ಉಳಿದವರು ಕಟ್ಟೆಯ ಮೇಲಿದ್ದರು. ಡಾಕ್ಟರಿಗೆ ಬೇಕಾಗಿದ್ದದ್ದು ಆ ತಾರೀಕೇ. ಬರೀ ಕಚ್ಚಿದ ಗುಳ್ಳೆಯಾದರೆ ಒಂದೆರಡು ದಿನದೊಳಗೆ ಎದ್ದು, ಚಿಕ್ಕದಾಗಿಯೇ ಇದ್ದು ಇಳಿಯುತ್ತದೆ. ಲೈಮ್‌ನ ಬಳೆ ಕಚ್ಚಿದ 3ರಿಂದ 30 ದಿನದೊಳಗೆ ಮೂಡಿ, ದಿನದಿನಕ್ಕೂ ಅಗಲವಾಗುತ್ತದೆ, ಸಾಮಾನ್ಯವಾಗಿ ತುರಿಕೆ ನೋವು ಇರುವುದಿಲ್ಲ. ಅವನದು ಹಾಗೇ ಇತ್ತು.

ರಕ್ತಪರೀಕ್ಷೆ ಯಾಕೆ ಮಾಡಿಸಲಿಲ್ಲ ಎಂದು ಭಾವನವರು ಕೇಳಿದ್ದಾರೆ. ಆ ಪರೀಕ್ಷೆ ಹುಡುಕುವುದು ಮೈ ತಯಾರಿಸುವ ಪ್ರತಿಕಾಯಗಳನ್ನು. ಅವು ಬರಲು ಕೆಲವು ವಾರ ಬೇಕು. ಈಗ ಮಾಡಿಸಿದರೆ ಕಾಯಿಲೆ ಇದ್ದರೂ ‘ಇಲ್ಲ’ ಎಂದೇ ಬರಬಹುದು. ಬಳೆ ಕಂಡರೆ ಕಾಯದೆ ಔಷಧಿ ಶುರು ಮಾಡುವುದೇ ಕ್ರಮ. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು ಹೊತ್ತು, 10 ದಿನ. ತುಂಬ ನೀರು ಕುಡಿದು ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು, ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ಅಂಟಿ ಉರಿಯುತ್ತದೆ. ಹಾಲು ಮೊಸರಿನ ಜೊತೆ ತೆಗೆದುಕೊಂಡರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ಎರಡು ಗಂಟೆ ಅಂತರ ಬೇಕು. ದಯವಿಟ್ಟು ಫೋನಿನಲ್ಲಿ ‘ಮಾತ್ರೆ ಉಷ್ಣ, ಹಾಲು ಕುಡಿ’ ಎಂದು ಅವನಿಗೆ ಹೇಳಬೇಡ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಅದಕ್ಕೇ ಹಗಲು ಕೆರೆಗೆ ಇಳಿಯುವುದನ್ನು ನಿಲ್ಲಿಸಿದ್ದೇನೆ.

ಈ ಕಾಯಿಲೆಯನ್ನು ಲೋಕಕ್ಕೆ ತೋರಿಸಿದ್ದೂ ಒಬ್ಬ ತಾಯಿಯ ಪುಸ್ತಕವೇ. ಕನೆಕ್ಟಿಕಟ್‌ನ ಲೈಮ್ ಊರಿನ ಪಾಲಿ ಮರ್ರಿ ಎಂಬಾಕೆ ತನ್ನ ಮನೆಯವರ ಕೀಲುನೋವು, ಜ್ವರ, ಗುಳ್ಳೆ ಎಲ್ಲ ಬರೆದಿಟ್ಟು, ಯಾರೂ ನಂಬದಿದ್ದರೂ ಬಿಡದೆ, 1975ರಲ್ಲಿ ಆರೋಗ್ಯ ಇಲಾಖೆಯ ಗಮನಕ್ಕೆ ತಂದಳು. ನಮ್ಮ ಕಡೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದುದನ್ನು ಗಮನಿಸಿದ್ದರಿಂದಲೇ ಮಂಗನ ಕಾಯಿಲೆಯ ಜಾಡು ಸಿಕ್ಕಿತಲ್ಲ.

ಇನ್ನು ಮುಂದೆ ಕಚ್ಚದ ಹಾಗೆ ಎಲ್ಲ ವ್ಯವಸ್ಥೆ ಆಗಿದೆ. ಈ ತಿಂಗಳುಗಳಲ್ಲಿ ಓಡಾಡುವುದು ಮರಿ ಉಣುಗು, ಗಸಗಸೆ ಕಾಳಿನಷ್ಟು, ಕಂಡರೆ ಮಚ್ಚೆ ಅನ್ನಬೇಕು. ಅದು ಹಾರುವುದಿಲ್ಲ, ನೆಗೆಯುವುದಿಲ್ಲ, ಎಲೆಯ ತುದಿಯಲ್ಲಿ ಕಾಲು ಚಾಚಿ ಕಾಯುತ್ತದೆ. ಮಕ್ಕಳ ಪ್ಯಾಂಟು, ಕಾಲುಚೀಲ, ಶೂಗಳಿಗೆ 0.5 ಶೇಕಡಾ ಪರ್ಮೆತ್ರಿನ್ ಹೊಡೆದು ಪೂರ್ತಿ ಒಣಗಿಸಿದ್ದೇನೆ. ಅದು ಬಟ್ಟೆಗೆ ಮಾತ್ರ, ಮೈಗಲ್ಲ. ಮೈಗೆ ಡೀಟ್ ಇರುವ ಮುಲಾಮು, ನಮ್ಮಲ್ಲಿ ಕಾಡಿಗೆ ಹೋಗುವವರಿಗೆ ಡೆಪಾ ಎಣ್ಣೆ ಕೊಡುತ್ತಾರಲ್ಲ, ಅದೇ ಕೆಲಸಕ್ಕೆ. ಬಂದ ಕೂಡಲೇ ಬಟ್ಟೆಯನ್ನು ಒಗೆಯುವ ಮೊದಲೇ ಡ್ರೈಯರಿನಲ್ಲಿ ಹತ್ತು ನಿಮಿಷ ಜೋರು ಬಿಸಿಗೆ ಹಾಕುತ್ತೇವೆ. ತಣ್ಣೀರಿನಲ್ಲಿ ಒಗೆದರೆ ಉಣುಗು ಸಾಯುವುದಿಲ್ಲ, ಒಣ ಬಿಸಿಗೆ ಸಾಯುತ್ತದೆ. ಆಮೇಲೆ ಸ್ನಾನ, ಮಂಡಿಯ ಹಿಂದೆ, ಕಂಕುಳು, ಸೊಂಟ, ಕಿವಿಯ ಹಿಂದೆ, ಕೂದಲ ಬುಡ ಎಲ್ಲ ಕೈಯಾಡಿಸಿ ನೋಡುವುದು. ಕಚ್ಚಿಕೊಂಡು ಸಾಮಾನ್ಯವಾಗಿ 24 ಗಂಟೆಗೂ ಹೆಚ್ಚು ಕೂತರೆ ಮಾತ್ರ ಲೈಮ್ ದಾಟುತ್ತದೆ. ದಿನಾ ನೋಡಿದರೆ ಅರ್ಧ ಭಯ ಹೋಯಿತು.

ಇದನ್ನು ನೀವೂ ಪಾಲಿಸಿ. ತೋಟಕ್ಕೆ ಹೋಗಿ ಬಂದವರಿಗೆ ಉಣುಗು ಕಚ್ಚಿದರೆ ಅಮ್ಮ ಸುಣ್ಣ ಹಚ್ಚುತ್ತಾಳೆ, ಚಿಕ್ಕಪ್ಪ ಬೀಡಿಯ ಕೆಂಡ ತಾಗಿಸುತ್ತಾರೆ. ಎರಡೂ ಬೇಡ. ಹಿಂಸೆಯಾದರೆ ಅದು ಹೊಟ್ಟೆಯೊಳಗಿನದ್ದನ್ನು ಗಾಯಕ್ಕೇ ಕಕ್ಕಬಹುದು. ಚೂಪು ತುದಿಯ ಚಿಮಟದಲ್ಲಿ ಚರ್ಮಕ್ಕೆ ಒತ್ತಿ ಅದರ ಬಾಯಿಯ ಹತ್ತಿರವೇ ಹಿಡಿದು, ತಿರುಚದೆ, ನೇರ ಮೇಲಕ್ಕೆ ಒಂದೇ ಸಮ ಎಳೆಯಬೇಕು. ಹೊಟ್ಟೆ ಹಿಸುಕಬಾರದು. ಆಮೇಲೆ ಸೋಪಿನಲ್ಲಿ ತೊಳೆದು, ತಾರೀಕು ಬರೆದಿಡಿ. ಆಮೇಲೆ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಆ ತಾರೀಕು ಹೇಳಿ.

ಅವನ ವಾಪಸು ಟಿಕೆಟ್ ಬೇಗನೆ ಮಾಡಿಸುವ ಮಾತು ಬಿಡು ಅಕ್ಕಾ. ಅಮ್ಮ ಹರಕೆ ಹೊತ್ತಿದ್ದರೆ ಅವಳ ಸಮಾಧಾನಕ್ಕೆ ತೀರಿಸಲಿ, ಆದರೆ ಜೋಯಿಸರ ಹತ್ತಿರ ‘ಮಗುವಿಗೆ ಏನೋ ಮೆಟ್ಟಿದೆ’ ಎಂದು ಹೋಗುವುದು ಬೇಡ. ಹುಡುಗನ ಕಾಲೇಜು ಸೇರುವ ಹೊತ್ತಿನಲ್ಲಿ ಊರ ಬಾಯಿಗೆ ಆ ಮಾತು ಬೀಳಬಾರದು. ಅವನಿಗೆ ಏನೂ ಆಗಿಲ್ಲ, ಏನೂ ಆಗುವುದಿಲ್ಲ, ನಾನಿದ್ದೇನೆ. ಕೀಲುನೋವು, ಮುಖದ ಒಂದು ಬದಿ ಜೋಲುವುದು, ಎದೆಬಡಿತ ತಪ್ಪುವುದು, ಇವುಗಳಲ್ಲಿ ಯಾವುದೂ ಇಲ್ಲ. ದಿನಾ ವಿಚಾರಿಸಿಕೊಳ್ಳುತ್ತಿದ್ದೇನೆ. ಬಳೆ ಆಗಲೇ ಮಾಸುತ್ತಿದೆ. ಪ್ರತಿ ಸಂಜೆ ಅದರ ಪಕ್ಕ ಸ್ಕೇಲು ಇಟ್ಟು ಫೋಟೋ ಕಳಿಸಲು ಅನಘಾಗೆ ಹೇಳಿದ್ದೇನೆ, ನೀನೇ ಅಳೆದು ನೋಡು.

ಅವನ ಸಂಜೆಯ ಮಾತ್ರೆಯ ಹೊತ್ತಾಯಿತು, ಇಲ್ಲಿಗೇ ನಿಲ್ಲಿಸುತ್ತೇನೆ. ಚಿಕ್ಕಪ್ಪನ ದುಡ್ಡಿನ ವಿಷಯ ಮುಂದಿನ ಕಾಗದದಲ್ಲಿ ಬರೆಯುತ್ತೇನೆ. ಅಪ್ಪೆಮಿಡಿ ಸಿಕ್ಕಿದ್ದರೆ ಎತ್ತಿಡು.

ನಿನ್ನ ತಮ್ಮ,
ರಘು