ಎರಡು ಪ್ಲಸ್: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನಗೆ ಬರೆದದ್ದನ್ನು ಊರೆಲ್ಲ ಓದುವಂತೆ ಹಾಕಿದ್ದೇನೆಂದು ಮುನಿಸಿಕೊಳ್ಳಬೇಡ. ಛತ್ರಿಯ ವಿಷಯ ಎತ್ತುವುದಿಲ್ಲವೆಂದು ಮಾತು ಕೊಡುತ್ತೇನೆ.

ಕ್ಯಾನ್ಸರ್ ಕೋಶವೆಂದರೆ ಯಾರ ಮಾತನ್ನೂ ಕೇಳದ ಪುಂಡ ಎಂದು ನಾನು ಎಷ್ಟು ಸಲ ಬರೆದಿಲ್ಲ? ಈಗ ಸರಿಯಾಗಿ ಓದಿದ ಮೇಲೆ ನಾಚಿಕೆಯಾಗುತ್ತಿದೆ. ಸ್ತನ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು, ಮುಖ್ಯವಾಗಿ ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜನ್ ಎಂಬ ಹಾರ್ಮೋನು ಹೇಳಿದ್ದನ್ನು ಚಾಚೂ ತಪ್ಪದೆ ಕೇಳುತ್ತವೆ. ಅಂಡಾಶಯವನ್ನು ತೆಗೆದರೆ ಗಡ್ಡೆ ಕುಗ್ಗಬಹುದೆಂದು ಬೀಟ್ಸನ್ ಎಂಬ ಶಸ್ತ್ರವೈದ್ಯ 1896ರಲ್ಲಿ ವರದಿ ಮಾಡಿದಾಗ ಆ ಹಾರ್ಮೋನಿಗೆ ಇನ್ನೂ ಹೆಸರೇ ಇರಲಿಲ್ಲ.

ನನ್ನ ನಿದ್ದೆ ಕೆಡಿಸಿರುವುದು ಮಾತ್ರ ಹರ್-2 ಎಂಬ ಗ್ರಾಹಕ, ಅಂದರೆ ಕೋಶಕ್ಕೆ ಬರುವ ಸಂದೇಶವನ್ನು ಹಿಡಿದು ಒಳಗೆ ದಾಟಿಸುವ ಪ್ರೋಟೀನ್. ಕೋಶದ ಮೈಮೇಲಿನ ಗ್ರಾಹಕಗಳು ಸಾಮಾನ್ಯವಾಗಿ ಹೊರಗಿನಿಂದ ಒಂದು ಅಣು ಬಂದು ತಾಗುವವರೆಗೆ ಸುಮ್ಮನಿರುತ್ತವೆ. ಹರ್-2ಕ್ಕೆ ಅಂಥ ಅಣುವೇ ಸಿಕ್ಕಿಲ್ಲ, ಅದು ಸೋದರ ಗ್ರಾಹಕದ ಜೋಡಿಗಾಗಿ ಸದಾ ತೋಳು ಚಾಚಿಕೊಂಡೇ ನಿಂತಿರುತ್ತದೆ. ನೂರರಲ್ಲಿ 15ರಿಂದ 20 ಸ್ತನ ಕ್ಯಾನ್ಸರ್‌ಗಳಲ್ಲಿ ಅದರ ಜೀನ್‌ನ ಪ್ರತಿಗಳು ಮಿತಿಮೀರಿ ಹೆಚ್ಚಿ, ಗ್ರಾಹಕಗಳು ಜಾತ್ರೆಯಂತೆ ಕಿಕ್ಕಿರಿದು, ಯಾರೂ ಹೇಳಿಕಳಿಸದಿದ್ದರೂ ತಮ್ಮತಮ್ಮಲ್ಲೇ ಜೋಡಿಯಾಗಿ, ‘ಬೆಳೆ, ಸಾಯಬೇಡ’ ಎಂಬ ಸಂದೇಶವನ್ನು ಒಳಗೆ ರವಾನಿಸುತ್ತವೆ. ಪಿಐ3ಕೆ ಎಂಬ ಕಿಣ್ವ ಅದನ್ನು ಎಕೆಟಿ ಎಂಬ ಇನ್ನೊಂದು ಕಿಣ್ವಕ್ಕೆ ದಾಟಿಸುತ್ತದೆ. ನಡುವೆ ಬ್ರೇಕ್ ಹಾಕಬೇಕಾದ ಪಿಟೆನ್ ಎಂಬ ಪ್ರೋಟೀನ್ ಕೆಲವು ಗಡ್ಡೆಗಳಲ್ಲಿ ಇಲ್ಲವೇ ಆಗಿರುತ್ತದೆ. ಯಾರೂ ಕೊಡದ ಆಜ್ಞೆಯನ್ನು ಕೋಶ ಶ್ರದ್ಧೆಯಿಂದ ಪಾಲಿಸುತ್ತಿದೆ, ಪಾಪ.

ಪ್ರಯೋಗಾಲಯದಲ್ಲಿ ಗಡ್ಡೆಯ ತೆಳುಚೂರಿಗೆ ಹರ್-2 ಇರುವಲ್ಲಿ ಮೂಡುವ ಬಣ್ಣ ಹಚ್ಚಿ, ಕೋಶಗಳ ಅಂಚು ಎಷ್ಟು ಗಾಢ ಕಂದು ಬಣ್ಣಕ್ಕೆ ತಿರುಗಿತೆಂದು ನೋಡಿ ಅಂಕ ಕೊಡುತ್ತಾರೆ. 3+ ಎಂದರೆ ಹರ್-2 ಪಾಸಿಟಿವ್. 0 ಅಥವಾ 1+ ಎಂದರೆ ನೆಗೆಟಿವ್. 2+ ಎಂದರೆ ಸಂದಿಗ್ಧ, ಆಗ ಫಿಶ್ ಪರೀಕ್ಷೆಯಲ್ಲಿ ಜೀನ್‌ನ ಪ್ರತಿಗಳನ್ನೇ ಎಣಿಸಬೇಕು. ನನ್ನೆದುರಿನ ವರದಿಯಲ್ಲಿ 2+ ಇದೆ. ಹರ್-2ಕ್ಕೇ ಅಂಟಿಕೊಂಡು ಅದನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಎಂಬ ಔಷಧಕ್ಕೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಗುವ ಮೊದಲು ಪಾಸಿಟಿವ್ ಎಂಬುದು ಬರೀ ಕೆಟ್ಟ ಸುದ್ದಿಯಾಗಿತ್ತು, ಈಗ ಅದು ಔಷಧಕ್ಕೆ ಸಿಗುವ ಗುರಿ. ಹಾಗಾಗಿ ಯಾವುದನ್ನು ಬೇಡಿಕೊಳ್ಳಬೇಕೆಂದೇ ತೋಚುತ್ತಿಲ್ಲ.

ಹೌದು, ವರದಿಯ ಮೇಲಿರುವ ಹೆಸರು ನನ್ನದೇ. ಗಂಟು ಬೆರಳಿಗೆ ತಾಕಿದ ಐದು ತಿಂಗಳ ನಂತರ ನಾನು ವೈದ್ಯರ ಬಳಿ ಹೋದೆ. ಅಷ್ಟೂ ದಿನ ಸ್ನಾನದ ಹೊತ್ತಿಗೆ ಎಡಗೈ ಎತ್ತಿ, ಅದು ಅಲ್ಲೇ ಇದೆಯೇ ಎಂದು ಒತ್ತಿ ನೋಡಿ, ನಿನ್ನೆಗಿಂತ ದೊಡ್ಡದಾಗಿಲ್ಲವೆಂದು ನನಗೆ ನಾನೇ ಹೇಳಿಕೊಂಡು, ಮೈ ಒರೆಸಿಕೊಂಡು ಬಂದು ಇದೇ ರೋಗದ ಕುರಿತ ಲೇಖನವನ್ನು ತಿದ್ದುತ್ತಿದ್ದೆ. ‘ಗಂಟು ಕಂಡರೆ ತಡಮಾಡಬೇಡಿ’ ಎಂಬ ವಾಕ್ಯದಲ್ಲಿ ಒಂದು ಅಲ್ಪವಿರಾಮವನ್ನೂ ಸರಿಪಡಿಸಿದ್ದೆ.

ಇಷ್ಟನ್ನು ಬರೆಯಲೆಂದು ಕುಳಿತವಳಲ್ಲ. ಅಳಿಸಿಬಿಡೋಣವೆಂದರೆ, ನಿನಗೆ ಹೇಗೂ ಗೊತ್ತಾಗಿಬಿಡುತ್ತದೆ. ಯಾವ ಪರೀಕ್ಷೆಯಲ್ಲೂ ನೆಟ್ಟಗೆ ಪಾಸೂ ಆಗದ, ಫೇಲೂ ಆಗದ ನಿನ್ನ ಗೆಳತಿ ಇಲ್ಲೂ ಮರುಎಣಿಕೆಗೆ ಹೋಗಿದ್ದಾಳೆ, ನಗು. ಫಲಿತಾಂಶ ಬಂದ ದಿನ ಫೋನ್ ಮಾಡುತ್ತೇನೆ. ಬರುವಾಗ ಛತ್ರಿಯನ್ನು ಮರೆಯಬೇಡ. ಎತ್ತಿಯೇ ಬಿಟ್ಟೆ, ನೋಡು.

ನಿನ್ನ,
ಎರಡು ಪ್ಲಸ್